ಮಕ್ಕಳಿಗೆ ವಿಡಿಯೋ ಗೇಮ್ ಮಾಡಲು ಕಲಿಸುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಮಾರ್ಚ್ ಮುಗಿಯುವಷ್ಟರಲ್ಲಿ ಬೆಂಗಳೂರಿನ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಸುತ್ತಮುತ್ತ, ಬನಶಂಕರಿ ಬಿಡಿಎ ಕಾಂಪ್ಲೆಕ್ಸ್ ಎದುರು, ಜೆ.ಪಿ. ನಗರ ಮತ್ತು ಬಿಟಿಎಂ ಲೇಔಟ್‌ನ ಅಡ್ಡರಸ್ತೆಗಳಲ್ಲಿ ಬೇಸಿಗೆ ಶಿಬಿರದ ಬೋರ್ಡುಗಳು ಏಳುತ್ತವೆ. ಚಿತ್ರಕಲೆ, ಈಜು, ಅಬಾಕಸ್ ಜತೆಗೆ ಈಗ ಕೆಲವು ವರ್ಷಗಳಿಂದ ಗೇಮ್ ಡಿಸೈನ್ ಕೂಡ ಸೇರಿದೆ. ಮಗುವಿಗೆ ಯೋಚಿಸುವುದನ್ನೂ ಕಲಿಸುತ್ತೇವೆ, ನಾಲ್ಕು ಜನರ ಮುಂದೆ ಮಾತಾಡುವುದನ್ನೂ ಕಲಿಸುತ್ತೇವೆ ಎಂದು ಆ ಬೋರ್ಡುಗಳಲ್ಲಿ ಬರೆದಿರುತ್ತದೆ. ಆಗುವ ಮಾತೇ ಅದು. ಆದರೆ ಕಲಿಸುವ ರೀತಿ ತಪ್ಪಿದರೆ ಎರಡೂ ಬರುವುದಿಲ್ಲ, ಪರದೆಯ ಮುಂದೆ ಕೂರುವ ಹೊತ್ತೊಂದು ಹೆಚ್ಚುತ್ತದೆ. ಹಾಗಾಗದಿರಲೆಂದು ಪೋಷಕರಿಗೆ, ಶಾಲೆಯ ಮೇಷ್ಟ್ರು-ಮಿಸ್‌ಗಳಿಗೆ, ಶಿಬಿರ ನಡೆಸುವವರಿಗೆ ಈ ಸೂಚನೆಗಳು.

ಎಲ್ಲಕ್ಕೂ ಮೊದಲು ಇದೊಂದು ತಿಳಿದಿರಲಿ. ಗೇಮ್ ಮಾಡುವ ಮಗು ಯೋಚಿಸಲು ಕಲಿಯುವುದು ನಿಯಮ ಬರೆಯುವಾಗ. ಮಾತಾಡಲು ಕಲಿಯುವುದು ಆ ಗೇಮನ್ನು ಇನ್ನೊಬ್ಬರು ಆಡುವಾಗ. ತರಗತಿಯಲ್ಲಿ ಇವೆರಡಕ್ಕೆ ಹೊತ್ತು ಇಲ್ಲವೆಂದರೆ ಅಲ್ಲಿಗೆ ಮಗುವನ್ನು ಕಳಿಸಬೇಡಿ.

ಮಾಡಬೇಕಾದ್ದು

ಮೊದಲ ನಾಲ್ಕೈದು ತರಗತಿ ಹಾಳೆಯ ಮೇಲೇ ನಡೆಯಲಿ. ಲ್ಯಾಪ್‌ಟಾಪ್ ಮುಚ್ಚಿರಲಿ. ಹಳೆಯ ಕ್ಯಾಲೆಂಡರಿನ ಹಿಂಬದಿ, ಸ್ಕೆಚ್ ಪೆನ್, ಅಂಗಿಯ ಗುಂಡಿ, ಹುಣಸೆ ಬೀಜ ಇದ್ದರೆ ಸಾಕು. ಮಗುವಿಗೆ ಗೊತ್ತಿರುವ ಆಟದಿಂದ ಶುರುಮಾಡಿ. ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ, ಪಗಡೆ, ಹಾವು-ಏಣಿ, ನಮ್ಮಲ್ಲಿ ಆಟಗಳಿಗೇನೂ ಬರವಿಲ್ಲ. ಆಟ ರಚಿಸುವುದು ನಮ್ಮ ನಾಡಿನ ಹಳೆಯ ವಿದ್ಯೆ ಎಂಬುದನ್ನೂ ಹೇಳಿ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಹೊಸ ಹೊಸ ಮಣೆಯಾಟಗಳನ್ನು ತಾವೇ ರಚಿಸಿದ ಅರಸು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಆಟಗಳ ವಿವರವಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಇಂಥ ಆಟಗಳ ಹಾಸು, ಮಣೆ, ಕಾಯಿಗಳನ್ನು ಮಾಡಿಸಿ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳನ್ನು ನಡೆಸಿಕೊಂಡು ಬಂದಿದೆ. ಮೈಸೂರಿಗೆ ಹೋದಾಗ ಪ್ರದರ್ಶನ ನಡೆಯುತ್ತಿದ್ದರೆ ಮೃಗಾಲಯದ ಜತೆಗೆ ಅದಕ್ಕೂ ಒಂದು ಗಂಟೆ ಇಟ್ಟುಕೊಳ್ಳಿ.

ನಿಯಮವನ್ನು ಬಾಯಲ್ಲಿ ಹೇಳಿಸಿದರೆ ಸಾಲದು, ಬರೆಸಿ. ಚೌಕಾಬಾರ ಚೆನ್ನಾಗಿ ಗೊತ್ತು ಎನ್ನುವ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟರೆ ‘ಕವಡೆ ಹಾಕಿ ಕಾಯಿ ನಡೆಸಬೇಕು’ ಎಂದು ಬರೆದು ಮುಗಿಯಿತು ಎನ್ನುತ್ತದೆ. ಅಲ್ಲಿಂದ ಕೇಳಲು ಶುರುಮಾಡಿ. ಕಾಯಿ ಎಲ್ಲಿಂದ ಹೊರಡಬೇಕು? ಯಾವ ದಿಕ್ಕಿಗೆ? ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗಬಹುದೇ? ಗುರುತು ಹಾಕಿದ ಮನೆಯಲ್ಲಿ ಕೂತ ಕಾಯನ್ನು ಕಡಿಯಬಹುದೇ? ಚೌಕ, ಅಂದರೆ ನಾಲ್ಕು, ಬಿದ್ದರೆ ಇನ್ನೊಂದು ಸಲ ಹಾಕಬೇಕು, ಸರಿ. ಸಾಲಾಗಿ ಮೂರು ಸಲ ಬಿದ್ದರೆ? ಅಮ್ಮನ ಊರಲ್ಲಿ ಒಂದು ನಿಯಮ, ಅಪ್ಪನ ಊರಲ್ಲಿ ಇನ್ನೊಂದು. ಯಾವುದು ಸರಿ ಎಂದು ನೀವು ತೀರ್ಪು ಕೊಡಬೇಡಿ. ಮಗು ಎರಡೂ ಕಡೆ ಅಜ್ಜಿಯರಿಗೆ ಫೋನ್ ಮಾಡಲಿ, ಕೇಳಿದ್ದನ್ನು ಬರೆದುಕೊಳ್ಳಲಿ, ಒಂದನ್ನು ಆರಿಸಲಿ, ಯಾಕೆ ಆರಿಸಿದೆ ಎಂದು ಎರಡು ವಾಕ್ಯದಲ್ಲಿ ಹೇಳಲಿ. ಮನುಷ್ಯರು ಆಡುವಾಗ ನಿಯಮ ಅರ್ಧ ಗೊತ್ತಿದ್ದರೂ ಜಗಳಾಡಿಕೊಂಡು ಆಟ ಸಾಗುತ್ತದೆ. ಕಂಪ್ಯೂಟರಿಗೆ ಆ ದಾಕ್ಷಿಣ್ಯ ಇಲ್ಲ. ಬರೆಯದೆ ಬಿಟ್ಟ ನಿಯಮ ಅದರ ಪಾಲಿಗೆ ಇಲ್ಲವೇ ಇಲ್ಲ. ಇದು ಮಗುವಿಗೆ ಮನದಟ್ಟಾದ ದಿನ ನಿಮ್ಮ ತರಗತಿಯ ಅರ್ಧ ಕೆಲಸ ಆಯಿತೆಂದು ತಿಳಿಯಿರಿ.

ಲೆಕ್ಕ ತಪ್ಪಲು ಬಿಡಿ, ಆಮೇಲೆ ಮಗುವೇ ಹುಡುಕಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚೌಕಾಬಾರಕ್ಕೆ ನಾಲ್ಕು ಕವಡೆ, ಇಲ್ಲವೇ ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಹುಣಸೆ ಬೀಜ. ಬಿಳಿ ಬದಿ ಮೇಲಾಗಿ ಎಷ್ಟು ಬಿದ್ದವೋ ಅಷ್ಟು ಮನೆ. ನಾಲ್ಕೂ ಬೆಳ್ಳಗಿದ್ದರೆ ಚೌಕ. ಒಂದೂ ಇಲ್ಲದಿದ್ದರೆ ಬಾರ, ಅಂದರೆ ಎಂಟು. ಇದನ್ನು ಬ್ಲಾಕು ಜೋಡಿಸಿ ಗೇಮ್ ಮಾಡುವ ತಂತ್ರಾಂಶ ಸ್ಕ್ರ್ಯಾಚ್‌ನಲ್ಲಿ ಮಾಡಲು ಕೂತ ಮಗು ಸಾಮಾನ್ಯವಾಗಿ ಮೊದಲು ಮಾಡುವುದೇನೆಂದರೆ, ಒಂದು, ಎರಡು, ಮೂರು, ನಾಲ್ಕು, ಎಂಟು ಎಂದು ಪಟ್ಟಿ ಮಾಡಿ ‘ಪಿಕ್ ರ‍್ಯಾಂಡಮ್’ ಬ್ಲಾಕಿನಿಂದ ಅದರಲ್ಲೊಂದನ್ನು ಆರಿಸುವುದು. ಗೇಮ್ ಓಡುತ್ತದೆ. ಮಗುವಿಗೆ ಖುಷಿ. ಅಜ್ಜಿಯನ್ನು ಕೂರಿಸಿ ಆಡಿಸಿ ನೋಡಿ. ಹತ್ತು ನಿಮಿಷಕ್ಕೇ, “ಏನೇ ಪುಟ್ಟಿ, ನಿನ್ನ ಕಂಪ್ಯೂಟರಲ್ಲಿ ಬಾರ ಬೀಳ್ತಾನೇ ಇದೆಯಲ್ಲೇ? ನಾವು ಒಂದು ಬಾರಕ್ಕೆ ಅದೆಷ್ಟು ಹೊತ್ತು ಕಾಯ್ತಿದ್ವಿ” ಎನ್ನುತ್ತಾರೆ.

ಅಜ್ಜಿ ಹೇಳಿದ್ದು ಸರಿ. ಮಗುವಿನ ಪಟ್ಟಿಯಲ್ಲಿ ಐದಕ್ಕೊಂದು ಸಲ ಬಾರ. ನಾಲ್ಕು ಬೀಜಗಳು ನೆಲಕ್ಕೆ ಬೀಳುವ ಬಗೆಗಳು ಹದಿನಾರು. ಅದರಲ್ಲಿ ನಾಲ್ಕೂ ಕಪ್ಪಾಗುವ ಬಗೆ ಒಂದೇ. ಎರಡು ಬೆಳ್ಳಗೆ, ಎರಡು ಕಪ್ಪಗೆ ಬೀಳುವ ಬಗೆಗಳೋ ಆರು. ಇದನ್ನು ನೀವು ಕಪ್ಪುಹಲಗೆಯ ಮೇಲೆ ಬರೆದು ತೋರಿಸಬೇಡಿ. ಬೀಜವನ್ನು ಮಗುವಿನ ಕೈಗೆ ಕೊಡಿ, ನೂರು ಸಲ ಹಾಕಲಿ, ಬಿದ್ದದ್ದಕ್ಕೆಲ್ಲ ಗೀಟು ಎಳೆಯಲಿ, ಕಂಪ್ಯೂಟರಿನದ್ದಕ್ಕೂ ಎಳೆಯಲಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ನಾಲ್ಕು ಬೀಜವನ್ನೂ ಬೇರೆಬೇರೆಯಾಗಿ ಹಾಕಿಸಿ ಕೂಡಿಸಬೇಕು ಎಂಬ ದಾರಿ ಅದಕ್ಕೇ ಹೊಳೆಯುತ್ತದೆ. ಹೊಳೆಯಲು ಎರಡು ದಿನ ಹಿಡಿದರೆ ಹಿಡಿಯಲಿ. ಕೆಲವು ಮಕ್ಕಳು ಅಲ್ಲಿಗೂ ನಿಲ್ಲುವುದಿಲ್ಲ. ಬೀಜದ ಎರಡು ಬದಿಯೂ ಒಂದೇ ಸಮ ಬೀಳುವುದಿಲ್ಲ, ಉಬ್ಬಿದ ಬದಿ ಬೇರೆ, ಉಜ್ಜಿದ ಬದಿ ಬೇರೆ ಎಂದು ವಾದಕ್ಕೆ ಬರುತ್ತಾರೆ. ಬರಲಿ. ಪಿಯುಸಿಯಲ್ಲಿ ಸೂತ್ರ ಬಾಯಿಪಾಠ ಮಾಡಿ ಮರೆಯುವ ಸಂಭವನೀಯತೆಯನ್ನು ಐದನೇ ತರಗತಿಯ ಮಗು ತನ್ನ ಅಜ್ಜಿಗೆ ಉತ್ತರ ಹೇಳಲೆಂದು ಕಲಿತಿರುತ್ತದೆ.

ಇನ್ನೊಬ್ಬರು ಆಡುವಾಗ ಮಾಡಿದ ಮಗು ಬಾಯಿ ಬಿಡಕೂಡದು. ಈ ಪಟ್ಟಿಯಲ್ಲಿ ಒಂದನ್ನೇ ಪಾಲಿಸುತ್ತೇವೆ ಎನ್ನುವವರು ಇದನ್ನು ಪಾಲಿಸಿ. ಗೇಮನ್ನು ಮೊದಲು ನೋಡಿರದ ಒಬ್ಬರನ್ನು ಕೂರಿಸಿ: ಕೆಳಮನೆಯ ಆಂಟಿ, ಗೇಟಿನ ಸೆಕ್ಯುರಿಟಿ ಅಂಕಲ್, ಚಿಕ್ಕಮ್ಮನ ಮಗ. ಮಾಡಿದ ಮಗು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂರಲಿ. “ಅಲ್ಲಿ ಒತ್ತಿ ಅಂಕಲ್”, “ಅದಲ್ಲ, ಮೇಲಿನದು” ಎಂದು ಹೇಳುವ ಹಾಗಿಲ್ಲ. ಆಡುವವರು ಎಲ್ಲಿ ತಡೆದರು, ಯಾವುದನ್ನು ಒತ್ತಿದರು, ಎಲ್ಲಿ ಬೇಜಾರಾಗಿ ಕೈಬಿಟ್ಟರು, ಅಷ್ಟನ್ನೂ ಬರೆದುಕೊಳ್ಳಬೇಕು. ಮಕ್ಕಳಿಗೆ ಇದು ತುಂಬಾ ಕಷ್ಟ. ತನ್ನ ತಲೆಯಲ್ಲಿರುವುದು ಎದುರಿಗಿರುವವರ ತಲೆಯಲ್ಲೂ ಇದೆ ಎಂದುಕೊಂಡೇ ಮಕ್ಕಳು ಮಾತಾಡುತ್ತಾರೆ. ದೊಡ್ಡವರಲ್ಲೂ ಎಷ್ಟೋ ಜನ ಹಾಗೇ. ಆ ನಂಬಿಕೆ ಕಣ್ಣೆದುರೇ ಮುರಿದುಬೀಳುವುದು ಈ ಹತ್ತು ನಿಮಿಷದಲ್ಲಿ. ಆಮೇಲೆ ಮಗು ತಿದ್ದುವ ಪ್ರತಿಯೊಂದು ಬಾಣದ ಗುರುತು, ಪ್ರತಿಯೊಂದು ಸಾಲು ಇನ್ನೊಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಾಗಿರುತ್ತದೆ.

ಆಡಿದವರನ್ನು “ಚೆನ್ನಾಗಿತ್ತಾ?” ಎಂದು ಕೇಳಿಸಬೇಡಿ, ಎಲ್ಲರೂ ಚೆನ್ನಾಗಿತ್ತು ಎಂದೇ ಹೇಳುತ್ತಾರೆ. “ಎಲ್ಲಿ ಗೊತ್ತಾಗಲಿಲ್ಲ?”, “ಏನು ಮಾಡಬೇಕು ಅಂತ ಯಾವಾಗ ತಿಳಿಯಿತು?” ಎಂದು ಕೇಳುವುದನ್ನು ಕಲಿಸಿ.

ಮಾತಿಲ್ಲದೆ ಹೇಳುವುದಕ್ಕೆ ಒಂದು ಮಾದರಿ ತೋರಿಸಿ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಹಂತ ಇದಕ್ಕೆ ಇಂದಿಗೂ ಒಳ್ಳೆಯ ಪಾಠ. ಮಾರಿಯೋ ಪರದೆಯ ಎಡಕ್ಕಿದ್ದಾನೆ, ಬಲಕ್ಕೆ ಜಾಗ ಖಾಲಿ. ಹೋಗಬೇಕಾದ ದಿಕ್ಕು ಗೊತ್ತಾಯಿತು. ಎದುರಿನಿಂದ ಒಂದು ಪ್ರಾಣಿ ನಡೆದು ಬರುತ್ತದೆ. ಹಾರಬೇಕು, ಹಾರದಿದ್ದರೆ ಸಾಯಬೇಕು. ಸತ್ತರೂ ಕಳೆದುಕೊಂಡದ್ದು ನಾಲ್ಕು ಸೆಕೆಂಡು. ಒಂದು ಅಕ್ಷರ ಓದಿಸದೆ ಆಟ ಆಡುವವರಿಗೆ ಪಾಠವಾಗಿದೆ. ಇದನ್ನು ತೋರಿಸಿ, ನಿನ್ನ ಗೇಮಿನ ಮೊದಲ ಹತ್ತು ಸೆಕೆಂಡು ಏನು ಹೇಳುತ್ತಿದೆ ಎಂದು ಮಗುವನ್ನು ಕೇಳಿ. ಹಾಗೆಯೇ ಪರದೆಯಿಂದ ಹೊರಗೂ ಕರೆದೊಯ್ಯಿರಿ. ಜೆ.ಪಿ. ನಗರ ಎರಡನೇ ಹಂತದಲ್ಲಿ 2004ರಿಂದ ರಂಗಶಂಕರ ರಂಗಮಂದಿರ ಇದೆ. ಅಲ್ಲೊಂದು ಮಕ್ಕಳ ನಾಟಕ ನೋಡಿ ಬರುವಾಗ ದಾರಿಯಲ್ಲಿ ಕೇಳಿ: ಅವನು ರಾಜ ಅಂತ ಯಾರೂ ಹೇಳುವ ಮೊದಲೇ ನಿನಗೆ ಹೇಗೆ ಗೊತ್ತಾಯಿತು?

ತಪ್ಪನ್ನು ಮೂರು ವಾಕ್ಯದಲ್ಲಿ ಹೇಳಿಸಿ. “ಮಿಸ್, ವರ್ಕ್ ಆಗ್ತಿಲ್ಲ” ಎಂದ ಕೂಡಲೇ ಎದ್ದು ಹೋಗಬೇಡಿ. ನಾನು ಮಾಡಿದ್ದು ಇದು, ಆಗಬೇಕಿದ್ದದ್ದು ಇದು, ಆದದ್ದು ಇದು. ಈ ಮೂರೂ ಬರುವವರೆಗೆ ನೀವು ಕೂತಲ್ಲೇ ಇರಿ. “ಬಲಗಡೆ ಬಾಣ ಒತ್ತಿದೆ, ಹಕ್ಕಿ ಬಲಕ್ಕೆ ಹೋಗಬೇಕಿತ್ತು, ಅದು ತಲೆಕೆಳಗಾಯಿತು” ಎಂದು ಸರಿಯಾಗಿ ಹೇಳುವಷ್ಟರಲ್ಲಿ ಬಹಳ ಸಲ ಮಗುವಿಗೇ ಕಾರಣ ಸಿಕ್ಕಿರುತ್ತದೆ. ಮುಂದೆ ಡಾಕ್ಟರ ಹತ್ತಿರ ನೋವು ಹೇಳಿಕೊಳ್ಳಲು, ಕಚೇರಿಯಲ್ಲಿ ಅರ್ಜಿ ಬರೆಯಲು ಇದೇ ಮೂರು ವಾಕ್ಯ ಬೇಕು.

ಒಂದು ಲ್ಯಾಪ್‌ಟಾಪಿಗೆ ಇಬ್ಬರನ್ನು ಕೂರಿಸಿ. ಕೀಬೋರ್ಡ್ ಒಬ್ಬರದು, ಮಾತು ಇನ್ನೊಬ್ಬರದು. ಮಾತಿನವರು ಮೌಸ್ ಮುಟ್ಟುವಂತಿಲ್ಲ. ಏನು ಮಾಡಬೇಕೆಂದು ಹೇಳಿಯೇ ಮಾಡಿಸಬೇಕು. ಹದಿನೈದು ನಿಮಿಷಕ್ಕೊಮ್ಮೆ ಅದಲು ಬದಲು. ತಲೆಗೊಂದು ಲ್ಯಾಪ್‌ಟಾಪ್ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ತರಗತಿಗಿಂತ ಇದು ಮೇಲು.

ದುಡ್ಡು ಕೊಡದೆ ಸಿಗುವ ಸಾಧನಗಳೇ ಸಾಕು. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ 2007ರಲ್ಲಿ ಸ್ಕ್ರ್ಯಾಚ್ ಅನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು, ಅಂದಿನಿಂದ ಉಚಿತ. 8ರಿಂದ 16 ವರ್ಷದವರಿಗೆಂದು ಮಾಡಿದ್ದು. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಅದರ ವೇದಿಕೆಯ ಅಗಲ 480, ಎತ್ತರ 360, ನಟ್ಟನಡುವೆ ಸೊನ್ನೆ. ಅದರಲ್ಲಿರುವ ಬೆಕ್ಕನ್ನು ನಡುವಿನಿಂದ ಎಡಕ್ಕೆ ನಿಲ್ಲಿಸುವ ಜಾಗ ಹೇಳಬೇಕೆಂದರೆ ಮೈನಸ್ ಸಂಖ್ಯೆ ಬೇಕೇ ಬೇಕು. ನಾಲ್ಕನೇ ತರಗತಿಯ ಮಗು ಋಣಸಂಖ್ಯೆಯನ್ನು ಕೇಳಿ ಪಡೆಯುವುದನ್ನು ಇಲ್ಲಿ ನೋಡಬಹುದು. ಐದರಿಂದ ಏಳು ವರ್ಷದವರಿಗೆ ಸ್ಕ್ರ್ಯಾಚ್ ಜೂನಿಯರ್ ಇದೆಯಾದರೂ ಆ ವಯಸ್ಸಿಗೆ ಹಾಳೆ, ಬೀಜ, ಮಾತು ಸಾಕೆಂಬುದು ನನ್ನ ಖಚಿತ ಅಭಿಪ್ರಾಯ.

ಗೇಮಿನ ಮಾತು ಮನೆಯ ಮಾತಿನಲ್ಲಿರಲಿ. ಸ್ಕ್ರ್ಯಾಚ್‌ನ ‘ಸೇ’ ಬ್ಲಾಕಿನಲ್ಲಿ ಕನ್ನಡ ಟೈಪ್ ಮಾಡಿದರೆ ಕನ್ನಡವೇ ಕಾಣುತ್ತದೆ. ತನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿಯೂ ಸೇರಿಸಬಹುದು. ಬಿಟಿಎಂ ಲೇಔಟ್‌ನ ಒಂದು ಅಂತಸ್ತಿನಲ್ಲಿ ನಾಲ್ಕು ಭಾಷೆ ಕೇಳುತ್ತವೆ. ಮನೆಯಲ್ಲಿ ತಮಿಳೋ ತೆಲುಗೋ ಉರ್ದುವೋ ಆಡುವ ಮಗು ಅದರಲ್ಲೇ ರೆಕಾರ್ಡ್ ಮಾಡಲಿ, ಜತೆಗೆ ಕನ್ನಡದಲ್ಲೂ ಒಂದು ಮಾಡಲಿ. ಇಂಗ್ಲಿಷಿನಲ್ಲಿ ‘ಪ್ರೆಸೆಂಟೇಶನ್’ ಕೊಡುವುದನ್ನೇ ಮಾತುಗಾರಿಕೆ ಎಂದು ತಿಳಿದವರು ಈ ಊರಲ್ಲಿ ಬಹಳ. ಮಗುವಿಗೆ ಬಾಯಿಪಾಠ ಮಾಡಿಸಿ ಕೋಟು ತೊಡಿಸಿ ನಿಲ್ಲಿಸುವುದಕ್ಕಿಂತ, ಅಜ್ಜಿಗೆ ಗೊತ್ತಾಗುವ ಹಾಗೆ ಒಂದು ನಿಯಮ ವಿವರಿಸುವುದು ದೊಡ್ಡ ಪರೀಕ್ಷೆ.

ಕಥೆಯನ್ನು ಸುತ್ತಲಿನಿಂದ ಎತ್ತಿಕೊಳ್ಳಲಿ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಅಕ್ಕಪಕ್ಕದ ನಿವಾಸಿಗಳೇ ಸೇರಿ ಉಳಿಸಿಕೊಂಡಿದ್ದಾರೆ. ಅಲ್ಲಿ ಒಂದು ಬೆಳಗ್ಗೆ ಮಕ್ಕಳನ್ನು ಸುತ್ತಾಡಿಸಿ. ಕೊಳಚೆ ನೀರು ಸೇರಿದರೆ ಕಳೆ ಹೆಚ್ಚುತ್ತದೆ, ಕಳೆ ಕೊಳೆತರೆ ನೀರಿನಲ್ಲಿ ಆಮ್ಲಜನಕ ತಗ್ಗುತ್ತದೆ, ಮೀನು ಸಾಯುತ್ತದೆ, ಮೀನಿಲ್ಲದ ಮೇಲೆ ಮೀನು ತಿನ್ನುವ ಹಕ್ಕಿ ಬರುವುದಿಲ್ಲ. ಇದರ ಮೇಲೆ ಗೇಮ್ ಮಾಡಿಸಿದರೆ ಕೊಳಚೆ, ಕಳೆ, ಮೀನು, ಹಕ್ಕಿ ಒಂದೊಂದಕ್ಕೂ ಒಂದು ಸಂಖ್ಯೆ ಇಡಬೇಕು, ಒಂದು ಏರಿದರೆ ಇನ್ನೊಂದು ಎಷ್ಟು ಇಳಿಯುತ್ತದೆ ಎಂದು ತೀರ್ಮಾನಿಸಬೇಕು. ಪರಿಸರದ ಮೇಲೆ ಪ್ರಬಂಧ ಬರೆಯುವ ಮಗು ‘ಕೆರೆಗಳನ್ನು ಉಳಿಸಬೇಕು’ ಎಂದು ಮುಗಿಸಬಹುದು. ಗೇಮ್ ಮಾಡುವ ಮಗುವಿಗೆ ಕಾರಣ ಗೊತ್ತಿರಲೇಬೇಕು. ಹಸಿ ಕಸ-ಒಣ ಕಸ, ನೀರಿನ ಟ್ಯಾಂಕರ್, ಬಾಗಿಲು ಮುಚ್ಚುವ ಮುಂಚೆ ಮೆಟ್ರೋ ಹತ್ತುವುದು, ಎಲ್ಲವೂ ಗೇಮಿಗೆ ಒದಗುತ್ತವೆ.

ತನಗಿಂತ ಚಿಕ್ಕವರಿಗೆ ಏನಾದರೂ ಕಲಿಸುವ ಗೇಮ್ ಮಾಡಿಸಿ. ಅಮೆರಿಕದ ಸಂಶೋಧಕಿ ಯಾಸ್ಮಿನ್ ಕಫಾಯಿ ನಾಲ್ಕನೇ ತರಗತಿಯ ಮಕ್ಕಳಿಂದ ಕಿರಿಯ ಮಕ್ಕಳಿಗೆ ಭಿನ್ನರಾಶಿ ಕಲಿಸುವ ಗೇಮುಗಳನ್ನು ಮಾಡಿಸಿ 1995ರಲ್ಲಿ ಅದರ ಮೇಲೆ ಪುಸ್ತಕ ಬರೆದರು. ಅದಕ್ಕೂ ಮೊದಲು, 1980ರಲ್ಲಿ, ಸೀಮೋರ್ ಪೇಪರ್ಟ್ ತಮ್ಮ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದಲ್ಲಿ ಕಂಪ್ಯೂಟರ್ ಮಗುವನ್ನು ನಡೆಸುವುದು ಬೇಡ, ಮಗು ಕಂಪ್ಯೂಟರನ್ನು ನಡೆಸಲಿ ಎಂದು ವಾದಿಸಿದ್ದರು. ಮೂರನೇ ತರಗತಿಯ ತಮ್ಮನಿಗೆ ಮಗ್ಗಿಯ ಗೇಮ್ ಮಾಡಲು ಹೊರಟ ಅಕ್ಕ, ತಮ್ಮ ಎಲ್ಲಿ ತಪ್ಪುತ್ತಾನೆ ಎಂದು ಮೊದಲು ಗಮನಿಸಬೇಕಾಗುತ್ತದೆ. ಬೇರೆಯವರ ತಪ್ಪನ್ನು ನಗದೆ ಗಮನಿಸುವುದು ಅಭ್ಯಾಸವಾದರೆ ಆಸ್ತಿ.

ಮಾಡಬಾರದ್ದು

ಮಗುವಿನ ಕೈಯಿಂದ ಮೌಸ್ ಕಿತ್ತುಕೊಳ್ಳಬೇಡಿ. ಎಷ್ಟೇ ಆತುರವಿರಲಿ, ಸಂಜೆಯ ಪ್ರದರ್ಶನಕ್ಕೆ ಅಪ್ಪ-ಅಮ್ಮ ಬಂದು ಕೂತಿರಲಿ, ನೀವು ತಿದ್ದಿದ ಗೇಮ್ ನಿಮ್ಮದು. ಅರ್ಧ ಓಡುವ ಗೇಮನ್ನೇ ತೋರಿಸಲಿ, ಯಾಕೆ ಅರ್ಧ ಎಂದು ಎದ್ದುನಿಂತು ಹೇಳಲಿ.

ಯೂಟ್ಯೂಬ್ ನೋಡಿ ಅಕ್ಷರಕ್ಕಕ್ಷರ ನಕಲು ಮಾಡಿಸಬೇಡಿ. ಎಐಗೆ ಹೇಳಿ ಇಡೀ ಗೇಮ್ ಬರೆಸುವುದಂತೂ ಕೂಡದು. ಮಗು ನಿಯಮವನ್ನೆಲ್ಲ ತಾನೇ ಬರೆದು, ಒಂದು ಕಡೆ ಸಿಕ್ಕಿಕೊಂಡು, ಮೂರು ವಾಕ್ಯದಲ್ಲಿ ತೊಂದರೆ ಹೇಳಿಕೊಂಡಾಗ ನೆರವು ಪಡೆಯುವುದು ಬೇರೆ ಮಾತು. ಅದಕ್ಕೂ ದೊಡ್ಡವರು ಪಕ್ಕದಲ್ಲಿರಬೇಕು.

“ಸೂಪರ್”, “ವಾವ್” ಎಂದು ಹೊಗಳಿ ಮುಗಿಸಬೇಡಿ. ಹೊಗಳುವುದಾದರೆ ಯಾವುದು ಚೆನ್ನಾಗಿದೆ ಎಂದು ಬೆರಳಿಟ್ಟು ಹೇಳಿ. “ಸೋತಾಗ ಮತ್ತೆ ಮೊದಲಿನಿಂದ ಶುರುಮಾಡಿಸದೆ ಅಲ್ಲಿಂದಲೇ ಬಿಟ್ಟಿದ್ದೀಯಲ್ಲ, ಅದು ಒಳ್ಳೆಯದಾಯಿತು” ಎಂಬಷ್ಟು ನಿರ್ದಿಷ್ಟವಾಗಿರಲಿ.

ಬಹುಮಾನ, ರ‍್ಯಾಂಕ್, ‘ಬೆಸ್ಟ್ ಗೇಮ್’ ಬೇಡ.

ಕೋಟಿ ರೂಪಾಯಿಯ ಕನಸು ಮಾರಬೇಡಿ, ಕೊಳ್ಳಲೂ ಬೇಡಿ. ಮಕ್ಕಳ ಕೋಡಿಂಗ್ ತರಗತಿಗಳ ಜಾಹೀರಾತು ಅತಿರೇಕಕ್ಕೆ ಹೋದಾಗ, ಜಾಹೀರಾತು ಕ್ಷೇತ್ರದ ಸ್ವನಿಯಂತ್ರಣ ಸಂಸ್ಥೆ ಎಎಸ್‌ಸಿಐ ಮಧ್ಯೆ ಬಂದದ್ದರಿಂದ 2020ರಲ್ಲಿ ಒಂದು ಕಂಪನಿಯ ಐದು ಜಾಹೀರಾತುಗಳು ಹಿಂದಕ್ಕೆ ಹೋದವು. ಕೋಡ್ ಕಲಿಯದ ಮಗು ಹಿಂದೆ ಬೀಳುತ್ತದೆ ಎಂದು ಹೆದರಿಸುವವರಿಗೆ ಒಂದು ಉತ್ತರ ಸಿದ್ಧವಿರಲಿ: 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕೋಡಿಂಗ್ ಚಟುವಟಿಕೆಗಳನ್ನು ಆರಂಭಿಸುವುದು ಮಾಧ್ಯಮಿಕ ಹಂತದಲ್ಲಿ, ಅಂದರೆ ಆರನೇ ತರಗತಿಯಿಂದ. ಎರಡನೇ ತರಗತಿಯ ಮಗುವಿಗೆ ಅವಸರವೇನಿಲ್ಲ. ಬೆಂಗಳೂರಿನಲ್ಲಿ ಗೇಮ್ ಉದ್ಯಮ ಇರುವುದು ನಿಜ. ದೇಶದ ಮೊದಮೊದಲ ಗೇಮ್ ಸ್ಟುಡಿಯೋ ಧ್ರುವ ಇಂಟರಾಕ್ಟಿವ್ 1997ರಲ್ಲಿ ಇಲ್ಲೇ ಶುರುವಾಯಿತು. ಅನಿಮೇಶನ್, ಗೇಮಿಂಗ್ ಕ್ಷೇತ್ರಕ್ಕೆಂದೇ ಕರ್ನಾಟಕ 2012ರಲ್ಲಿ ನೀತಿ ತಂದಿತು. ಅದು ಡಿಗ್ರಿ ಓದುವ ಹೊತ್ತಿನ ಮಾತು. ಹತ್ತು ವರ್ಷದ ಮಗುವಿನ ಮುಂದೆ ಸಂಬಳದ ಮಾತೆತ್ತಬೇಡಿ.

ಆಡುವವರನ್ನು ಕಟ್ಟಿಹಾಕುವ ಉಪಾಯಗಳನ್ನು ಕಲಿಸಬೇಡಿ. ದಿನಾ ಬರದಿದ್ದರೆ ಅಂಕ ಕಳೆಯುವುದು, ಒಳಗೇನಿದೆ ಎಂದು ತೋರಿಸದೆ ಪೆಟ್ಟಿಗೆ ಮಾರುವುದು, ಇನ್ನೊಂದೇ ಸಲ ಎಂದು ಎಳೆಯುವುದು ಮಕ್ಕಳು ಆಡುವ ಗೇಮುಗಳಲ್ಲಿ ತುಂಬಿಕೊಂಡಿವೆ; ತಮ್ಮ ಗೇಮಿನಲ್ಲೂ ಹಾಕಲು ಹೊರಡುತ್ತಾರೆ. ಬಯ್ಯಬೇಡಿ. ಇದು ಆಡುವವರಿಗೆ ಯಾಕೆ, ನಿನಗೆ ಯಾಕೆ ಎಂದು ಕೇಳಿ. ಎರಡು ಪ್ರಶ್ನೆಗೂ ಉತ್ತರ ಹೇಳಿದ ಮಗುವಿಗೆ ತನ್ನ ಫೋನಿನಲ್ಲಿರುವ ಗೇಮ್ ಬೇರೆ ಥರ ಕಾಣಲು ತೊಡಗುತ್ತದೆ. ಹಣ ಕಟ್ಟಿ ಆಡುವ ಆಟದ ಮಾದರಿಯಂತೂ ಸುತರಾಂ ಕೂಡದು. ಹಣದ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯ್ದೆಯಲ್ಲಿ ನಿಷೇಧಿಸಿದೆ.

ಮಗುವಿನ ನಿಜ ಹೆಸರು, ಫೋಟೋ, ಶಾಲೆಯ ಹೆಸರು, ಫೋನ್ ನಂಬರ್ ಗೇಮಿನಲ್ಲಾಗಲಿ ಖಾತೆಯಲ್ಲಾಗಲಿ ಹಾಕಿಸಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಶಿಬಿರದವರು ಪ್ರಚಾರಕ್ಕೆಂದು ಮಗುವಿನ ವಿಡಿಯೋ ಕೇಳಿದರೆ ಆಗುವುದಿಲ್ಲ ಎನ್ನಿ, ಮುಲಾಜಿಗೆ ಬೀಳಬೇಡಿ. ಆನ್‌ಲೈನಿನಲ್ಲಿ ಹಂಚಿಕೊಳ್ಳದಿದ್ದರೆ ಕಲಿಕೆಗೆ ಯಾವ ನಷ್ಟವೂ ಇಲ್ಲ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಅಜ್ಜಿ ಮನೆಗೆ ಒಯ್ದರೆ ಆಯಿತು.

ಗೇಮ್ ಆಡುವುದನ್ನು ಬಿಡಿಸಲು ಗೇಮ್ ಮಾಡುವ ತರಗತಿಗೆ ಸೇರಿಸಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಹತಾಶರಾದ ಅಪ್ಪ-ಅಮ್ಮ ಈ ಆಸೆಯಿಂದ ಬರುತ್ತಾರೆ. ಮಗು ನಿದ್ದೆ, ಊಟ, ಶಾಲೆ, ಗೆಳೆಯರು ಎಲ್ಲವನ್ನೂ ಬದಿಗೊತ್ತಿ ಆಡುತ್ತಿದ್ದರೆ, ತೊಂದರೆಯಾಗುತ್ತಿದೆ ಎಂದು ಗೊತ್ತಿದ್ದೂ ನಿಲ್ಲಿಸಲಾಗದಿದ್ದರೆ ಅದಕ್ಕೆ ಬೇಕಾದ್ದು ವೈದ್ಯರ ನೆರವು. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಇದನ್ನು ಗೇಮಿಂಗ್ ಡಿಸಾರ್ಡರ್ ಎಂದು ಸೇರಿಸಿದೆ. ಆ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ದಕ್ಷಿಣ ಬೆಂಗಳೂರಿನವರು ದೂರ ಹೋಗಬೇಕಾಗಿಲ್ಲ. ನಿಮ್ಹಾನ್ಸ್ ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದು 2014ರಲ್ಲಿ ಆರಂಭಿಸಿದ ಶಟ್ ಕ್ಲಿನಿಕ್‌ನ ಸೇವೆ ಬಿಟಿಎಂ ಲೇಔಟ್‌ನಲ್ಲಿರುವ ನಿಮ್ಹಾನ್ಸ್ ಯೋಗಕ್ಷೇಮ ಕೇಂದ್ರದಲ್ಲಿ ನಡೆದುಬಂದಿದೆ. ಮೊದಲು ಮಾತಾಡಿ ನೋಡೋಣ ಎನ್ನುವವರಿಗೆ ಟೆಲಿ-ಮಾನಸ್ ಸಹಾಯವಾಣಿ 14416. ಹಗಲು-ರಾತ್ರಿ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ನಾಚಿಕೆ ಪಡಬೇಡಿ, ತಡ ಮಾಡಬೇಡಿ.

ರಾತ್ರಿ ಊಟದ ಮೇಲೆ ಪರದೆ ತೆರೆಸಬೇಡಿ. ‘ಆಡ್ತಿಲ್ಲಮ್ಮ, ಮಾಡ್ತಿದೀನಿ’ ಎಂಬ ವಾದಕ್ಕೂ ವಿನಾಯಿತಿ ಇಲ್ಲ. ನಾಳೆ ಮಾಡಬೇಕಾದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಮಲಗಲಿ.

ಹುಡುಗರಿಗೆ ಗೇಮ್, ಹುಡುಗಿಯರಿಗೆ ಕ್ರಾಫ್ಟ್ ಎಂದು ಬೇರೆಬೇರೆ ಕೋಣೆಗೆ ಕಳಿಸುವುದು ಇನ್ನೂ ನಡೆಯುತ್ತಿದೆ. ಕೂಡಲೇ ನಿಲ್ಲಿಸಿ.

ಶಿಬಿರಕ್ಕೆ ಹಣ ಕಟ್ಟುವ ಮುನ್ನ ಕೇಳಬೇಕಾದ್ದು

ಒಂದು ತರಗತಿಯನ್ನು ಹಿಂದೆ ಕೂತು ನೋಡಲು ಬಿಡುತ್ತೀರಾ? ಬಿಡದಿದ್ದರೆ ಸೇರಿಸಬೇಡಿ. ಮಕ್ಕಳ ಗೇಮನ್ನು ಯಾರು ಆಡಿ ನೋಡುತ್ತಾರೆ, ವಾರಕ್ಕೆ ಎಷ್ಟು ಸಲ? ಹಿಂದಿನ ವರ್ಷದ ಮಕ್ಕಳು ಮಾಡಿದ ಗೇಮುಗಳನ್ನು ತೋರಿಸಲು ಹೇಳಿ. ಹತ್ತೂ ಒಂದೇ ಥರ ಇದ್ದರೆ, ಬಣ್ಣ ಮತ್ತು ಹೆಸರು ಮಾತ್ರ ಬೇರೆಯಾಗಿದ್ದರೆ, ಅಲ್ಲಿ ಯಾವ ಮಗುವೂ ಯೋಚಿಸಿಲ್ಲ. ಕೊನೆಗೆ ಸಿಗುವ ಸರ್ಟಿಫಿಕೇಟ್ ತೋರಿಸಿದರೆ ಅದನ್ನು ಬದಿಗಿಟ್ಟು ಮಕ್ಕಳ ನೋಟ್‌ಬುಕ್ ಕೇಳಿ. ಗೀಚಿ, ಹೊಡೆದು, ತಿದ್ದಿದ ನಿಯಮಗಳಿರುವ ನೋಟ್‌ಬುಕ್ ಸಿಕ್ಕಿದರೆ ನಂಬಿ ಸೇರಿಸಬಹುದು. ಕಲಿಸುವವರಿಗೆ ಗೇಮ್ ಕಂಪನಿಯ ಅನುಭವ ಇರಲೇಬೇಕೆಂದಿಲ್ಲ. ಮಗು ಮಾತು ಮುಗಿಸುವವರೆಗೆ ಕಾಯುವ ತಾಳ್ಮೆ ಇರಬೇಕು.

ಅಪಾರ್ಟ್‌ಮೆಂಟ್ ಮತ್ತು ಬಡಾವಣೆ ಸಂಘಗಳಿಗೆ

ನಿಮ್ಮ ಕ್ಲಬ್ ಹೌಸ್ ಕೋಣೆ ಭಾನುವಾರ ಬೆಳಗ್ಗೆ ಹೆಚ್ಚಾಗಿ ಬೀಗ ಹಾಕಿಕೊಂಡಿರುತ್ತದೆ. ತಿಂಗಳಿಗೊಂದು ಭಾನುವಾರ ಎರಡು ಗಂಟೆ ಅದನ್ನು ತೆರೆದುಕೊಡಿ. ಮಕ್ಕಳು ತಮ್ಮ ಗೇಮುಗಳನ್ನು, ಕಂಪ್ಯೂಟರಿನದ್ದಾಗಲಿ ಹಾಳೆಯದ್ದಾಗಲಿ, ತಂದಿಡಲಿ. ದೊಡ್ಡವರು ಬಂದು ಆಡಿ ಹೋಗಲಿ. ಕೆಲಸಕ್ಕೆ ಬಾರದೆಂದು ಕಪಾಟಿನಲ್ಲಿಟ್ಟ ಹಳೆಯ ಲ್ಯಾಪ್‌ಟಾಪ್ ಮನೆಮನೆಯಲ್ಲೂ ಇರುತ್ತದೆ. ಆನ್ ಆಗುವಂಥ ಒಂದೆರಡನ್ನು ಆ ಕೋಣೆಗೆ ಕೊಡಿ.

ಬಾಗಿಲು ನಿಮ್ಮ ಫ್ಲ್ಯಾಟಿನ ಮಕ್ಕಳಿಗಷ್ಟೇ ತೆರೆದಿದ್ದರೆ ಸಾಲದು. ಗೇಟು ಕಾಯುವವರ, ಮನೆಗೆಲಸಕ್ಕೆ ಬರುವವರ, ಎದುರಿನ ಇಸ್ತ್ರಿ ಅಂಗಡಿಯವರ ಮಕ್ಕಳು ಹತ್ತಿರದ ಸರ್ಕಾರಿ ಶಾಲೆಗೆ ಹೋಗುತ್ತಾರೆ. ಚೌಕಾಬಾರವನ್ನು ನಿಮ್ಮ ಮಕ್ಕಳಿಗಿಂತ ಚೆನ್ನಾಗಿ ಆಡಬಲ್ಲವರು ಅವರಲ್ಲಿ ಬಹಳ ಮಂದಿ ಸಿಗುತ್ತಾರೆ. ಅವರನ್ನು ಹೆಸರು ಹಿಡಿದು ಕರೆಯಿರಿ, ಒಂದೇ ಲ್ಯಾಪ್‌ಟಾಪಿನ ಮುಂದೆ ನಿಮ್ಮ ಮಕ್ಕಳ ಜತೆ ಕೂರಿಸಿ. ಮುಂದಿನ ಸಂಘದ ಸಭೆಯ ಪಟ್ಟಿಯಲ್ಲಿ ಪಾರ್ಕಿಂಗ್, ನೀರಿನ ಟ್ಯಾಂಕರ್ ಜತೆ ಈ ವಿಷಯವನ್ನೂ ಬರೆಸಿ. ಏಪ್ರಿಲ್ ಬರುವುದರೊಳಗೆ ಕೋಣೆಯ ಬೀಗದ ಕೈ ಯಾರ ಹತ್ತಿರ ಇರಬೇಕೆಂದು ತೀರ್ಮಾನವಾಗಲಿ.